‘ಅವರು’ ಇಂಗ್ಲಿಷಿಗೆ ದಾಟುವಾಗ: ಕೋಲಾರ ಸೀಮೆಯ ಹಿನ್ನೆಲೆಯಲ್ಲಿ ಸರ್ವನಾಮದ ಸ್ಪಷ್ಟತೆ

1. ಪೀಠಿಕೆ

ಕನ್ನಡ ವಿಭಾಗಗಳಲ್ಲಿ ನಡೆಯುವ ಸಂಶೋಧನೆಯು ಇಂದು ಕನ್ನಡದಲ್ಲಿಯೇ ಮುಗಿಯುವುದಿಲ್ಲ. ಪ್ರಬಂಧದ ಸಾರಲೇಖ, ವಿಚಾರಸಂಕಿರಣದ ಟಿಪ್ಪಣಿ, ಸಂಶೋಧನಾ ಯೋಜನೆಯ ಪ್ರಸ್ತಾವ, ಅನುವಾದ, ಹೀಗೆ ಒಂದಲ್ಲ ಒಂದು ಘಟ್ಟದಲ್ಲಿ ಕನ್ನಡ ಸಂಶೋಧಕರು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಅಂಥ ಬರಹಗಳಲ್ಲಿ ಕಾಣುವ ತೊಡಕುಗಳನ್ನು ಪದಸಂಪತ್ತಿನ ಕೊರತೆ, ಕ್ರಿಯಾರೂಪದ ದೋಷ, ಕಾಗುಣಿತದ ದೋಷ ಎಂದು ವಿಂಗಡಿಸುವುದು ವಾಡಿಕೆ. ಸರ್ವನಾಮಗಳ ಕಡೆಗೆ ಗಮನ ಹೋಗುವುದು ಕಡಿಮೆ. ‘ಹಿ’, ‘ಶಿ’, ‘ಇಟ್’, ‘ದೇ’, ‘ದಿಸ್’ ಇವುಗಳ ಅರ್ಥಕ್ಕಾಗಿ ಯಾರೂ ನಿಘಂಟನ್ನು ತೆರೆಯುವುದಿಲ್ಲ. ಆದರೆ ಓದುಗನು ‘ಯಾರು?’, ‘ಯಾವುದು?’ ಎಂದು ತಡೆದು ನಿಲ್ಲುವುದು ಬಹುಮಟ್ಟಿಗೆ ಈ ಚಿಕ್ಕ ಪದಗಳ ಬಳಿಯಲ್ಲಿಯೇ.

ಈ ತೊಡಕನ್ನು ಇಂಗ್ಲಿಷಿನ ಅಜ್ಞಾನವೆಂದು ಮಾತ್ರ ತಿಳಿಯುವುದು ಸರಿಯಲ್ಲ. ಕನ್ನಡ ವಾಕ್ಯದಲ್ಲಿ ‘ಯಾರು’ ಎಂಬುದನ್ನು ತಿಳಿಸುವ ಹೊಣೆಯನ್ನು ಸರ್ವನಾಮವೊಂದೇ ಹೊತ್ತಿರುವುದಿಲ್ಲ. ಕ್ರಿಯಾಪದದ ಆಖ್ಯಾತ ಪ್ರತ್ಯಯ, ಗೌರವ ಬಹುವಚನ, ‘ತಾನು’ ಎಂಬ ಆತ್ಮಾರ್ಥಕ ರೂಪ, ‘ಇ–ಅ’ ಎಂಬ ಸಮೀಪ–ದೂರಗಳ ಭೇದ ಇವೆಲ್ಲ ಆ ಹೊಣೆಯನ್ನು ಹಂಚಿಕೊಂಡಿರುತ್ತವೆ. ವಾಕ್ಯವು ಇಂಗ್ಲಿಷಿಗೆ ದಾಟಿದಾಗ ಈ ನೆರವುಗಳು ಕನ್ನಡದಲ್ಲಿಯೇ ಉಳಿದು, ಸರ್ವನಾಮ ಮಾತ್ರ ಆಚೆ ದಡವನ್ನು ಸೇರುತ್ತದೆ. ಹಾಗಾಗಿ ಕನ್ನಡ ಬಲ್ಲವರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಬೇಕಾದರೆ ತಮ್ಮ ಕನ್ನಡ ವಾಕ್ಯದಲ್ಲಿ ಸ್ಪಷ್ಟತೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಅರಿಯಬೇಕು. ಈ ಅರಿವನ್ನು ನೀಡಬಲ್ಲವರು ಇಂಗ್ಲಿಷ್ ಅಧ್ಯಾಪಕರಿಗಿಂತ ಹೆಚ್ಚಾಗಿ ಕನ್ನಡ ಅಧ್ಯಾಪಕರು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಸರ್ವನಾಮವು ಯಾವ ನಾಮಪದದ ಬದಲಿಗೆ ನಿಂತಿದೆಯೋ ಅದನ್ನು ಇಲ್ಲಿ ‘ಮೂಲನಾಮ’ ಎಂದು ಕರೆಯಲಾಗಿದೆ. ಮೂಲಗಳನ್ನು ಹೆಸರಿಸದೆ ನೀಡಿರುವ ಉದಾಹರಣೆಗಳು ವಿವೇಚನೆಗಾಗಿ ರಚಿಸಿಕೊಂಡವು.

2. ಕೋಲಾರ ಸೀಮೆಯ ಭಾಷಿಕ ಹಿನ್ನೆಲೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಭಾಷಿಕ ಪರಿಸರವು ಈ ವಿಚಾರಕ್ಕೆ ಒಳ್ಳೆಯ ಅಧ್ಯಯನ ಕ್ಷೇತ್ರ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಗೆ ಹೊಂದಿಕೊಂಡಿದ್ದರೆ ಮಾಲೂರು ತಮಿಳುನಾಡಿನ ಹೊಸೂರಿನ ಕಡೆಗೆ ಚಾಚಿಕೊಂಡಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು ಅಥವಾ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಸ್ಥಿತಿ ಇಲ್ಲಿ ಅಪರೂಪವಲ್ಲ.

ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು, ಈ ನಾಲ್ಕೂ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಕನ್ನಡದೊಡನೆ ತಮಿಳು, ತೆಲುಗು ಶಾಸನಗಳೂ ಅಲ್ಲಿವೆ. ಮೂಲಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ಈ ನೆಲದ ಪಠ್ಯಗಳನ್ನು ಇಂಗ್ಲಿಷಿಗೆ ದಾಟಿಸುವ ಕೆಲಸಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ ಎಂದಾಯಿತು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಂಗ್ಲಿಷ್ ಎಂ.ಎ. ಪದವೀಧರರು, ಕನ್ನಡ ಕಥಾಸಾಹಿತ್ಯಕ್ಕೆ ನೆಲೆಗಟ್ಟು ಹಾಕಿದ ಅವರು ‘ಪಾಪ್ಯುಲರ್ ಕಲ್ಚರ್ ಇನ್ ಕರ್ನಾಟಕ’ ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿಯೇ ಬರೆದರು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು. ಎರಡೂ ಭಾಷೆಗಳಲ್ಲಿ ಬರೆಯುವುದು ಈ ಸೀಮೆಗೆ ಹೊಸದಲ್ಲ.

ಇಲ್ಲಿನ ಮನೆಮಾತುಗಳು ಸರ್ವನಾಮದ ವಿಷಯದಲ್ಲಿ ಒಂದೇ ಬಗೆಯವಲ್ಲ. ಕನ್ನಡ, ತಮಿಳುಗಳು ಏಕವಚನದಲ್ಲಿ ಪುಂ, ಸ್ತ್ರೀ, ನಪುಂಸಕ ಎಂಬ ಮೂರು ಲಿಂಗಗಳನ್ನು ಪ್ರತ್ಯೇಕಿಸುತ್ತವೆ: ‘ಅವನು ಬಂದನು’, ‘ಅವಳು ಬಂದಳು’, ‘ಅದು ಬಂದಿತು’. ತೆಲುಗಿನ ಏಕವಚನ ಕ್ರಿಯಾಪದದಲ್ಲಿ ಪುರುಷ ಮತ್ತು ಪುರುಷೇತರ ಎಂಬ ಎರಡೇ ವಿಭಾಗಗಳು. ‘ಆಮೆ ವಚ್ಚಿಂದಿ’ ಎಂದರೆ ಆಕೆ ಬಂದಳು. ‘ಬಸ್ಸು ವಚ್ಚಿಂದಿ’ ಎಂದರೆ ಬಸ್ಸು ಬಂದಿತು. ಕ್ರಿಯಾರೂಪ ಒಂದೇ. ಸಲಿಗೆಯ ಮಾತಿನಲ್ಲಿ ‘ಅದಿ’ ಎಂಬ ಸರ್ವನಾಮವೂ ಹೆಣ್ಣಿಗೂ ವಸ್ತುವಿಗೂ ಸಲ್ಲುತ್ತದೆ. ಉರ್ದುವಿನಲ್ಲಿ ‘ವೊ’ ಎಂಬ ಒಂದೇ ರೂಪ ಗಂಡು, ಹೆಣ್ಣು, ವಸ್ತು ಮೂರನ್ನೂ ಸೂಚಿಸಿ, ಲಿಂಗಭೇದವನ್ನು ಕ್ರಿಯಾಪದಕ್ಕೆ ಬಿಡುತ್ತದೆ. ಆದುದರಿಂದ ಒಂದೇ ತರಗತಿಯಲ್ಲಿ ಕುಳಿತ ಇಬ್ಬರು ವಿದ್ಯಾರ್ಥಿಗಳು ‘ಶಿ’ ಇರಬೇಕಾದೆಡೆ ಬೇರೊಂದು ಪದವನ್ನು ಬರೆದಾಗ ಅದರ ಹಿಂದಿನ ಕಾರಣ ಒಂದೇ ಆಗಿರಬೇಕೆಂದಿಲ್ಲ. ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಎಳೆಯುವ ಮುನ್ನ ವಿದ್ಯಾರ್ಥಿಯ ಮನೆಮಾತನ್ನು ತಿಳಿದಿರುವುದು ಅಧ್ಯಾಪಕರಿಗೆ ಉಪಯುಕ್ತ.

3. ‘ಪ್ರಥಮ ಪುರುಷ’ ಮತ್ತು ಸೂಚಕ ಪದಗಳು

ಮೊದಲ ಗೊಂದಲ ಪರಿಭಾಷೆಯಲ್ಲಿಯೇ ಇದೆ. ಸಂಸ್ಕೃತ ವ್ಯಾಕರಣವನ್ನು ಅನುಸರಿಸಿದ ನಮ್ಮ ವ್ಯಾಕರಣ ಸಂಪ್ರದಾಯದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು, ಅದು’ ಪ್ರಥಮ ಪುರುಷ. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ಎಂಬುದು ‘ನಾನು’. ಅಲ್ಲಿ ‘ಅವನು’ ಮೂರನೆಯವನು. ‘ಪ್ರಥಮ’ ಎಂಬ ಪದವನ್ನು ‘ಫಸ್ಟ್’ ಎಂದು ನೇರವಾಗಿ ಭಾಷಾಂತರಿಸಿದರೆ ಕಾದಂಬರಿಯ ನಿರೂಪಣೆಯನ್ನು ಕುರಿತ ವಿಮರ್ಶೆಯೇ ತಲೆಕೆಳಗಾಗುತ್ತದೆ. ‘ಅನ್ಯ ಪುರುಷ’ ಎಂಬ ಪರ್ಯಾಯ ಬಳಕೆಯಲ್ಲಿದ್ದು, ದ್ವಿಭಾಷಿಕ ಬೋಧನೆಗೆ ಅದೇ ಹೆಚ್ಚು ಅನುಕೂಲ.

ಎರಡನೆಯದು ರಚನೆಯ ಭೇದ. ಡಿ.ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಪ್ರಕಟವಾದ ‘ಪ್ರೊನೌನ್ಸ್’ ಗ್ರಂಥದಲ್ಲಿ ಭಾಷೆಗಳನ್ನು ಎರಡು ಪುರುಷಗಳವು, ಮೂರು ಪುರುಷಗಳವು ಎಂದು ವಿಂಗಡಿಸುತ್ತಾರೆ. ಕನ್ನಡದಂಥ ಭಾಷೆಯಲ್ಲಿ ‘ಅವನು’ ಎಂಬುದು ‘ಆ’ ಎಂಬ ಸೂಚಕದಿಂದಲೇ ಹುಟ್ಟಿದ ರೂಪ. ಅಂದರೆ ಅದು ಬೆರಳು ತೋರುವ ಪದ. ‘ಇವನು–ಅವನು’, ‘ಇದು–ಅದು’ ಎಂಬ ಜೋಡಿಗಳು ಇದಕ್ಕೆ ಸಾಕ್ಷಿ. ಹಳಗನ್ನಡದಲ್ಲಿ ಇವೆರಡರ ನಡುವಣ ದೂರವನ್ನು ಸೂಚಿಸುವ ‘ಉವಂ’, ‘ಉದು’ ಎಂಬ ರೂಪಗಳೂ ಇದ್ದವು. ಇಂಗ್ಲಿಷಿನ ‘ಹಿ’, ‘ಶಿ’ಗಳಾದರೋ ‘ದಿಸ್’, ‘ದಟ್’ಗಳಿಂದ ರೂಪದಲ್ಲಿಯೇ ಬೇರೆ, ಅವು ಬೆರಳು ತೋರುವುದಿಲ್ಲ. ಹಿಂದೆ ಬಂದ ಹೆಸರನ್ನು ಓದುಗನೇ ನೆನಪಿನಲ್ಲಿಟ್ಟುಕೊಂಡಿದ್ದಾನೆಂದು ನಂಬಿ ಅವು ನಡೆಯುತ್ತವೆ. ಇಬ್ಬರು ಗಂಡಸರ ವಿಷಯವನ್ನು ಹೇಳುವಾಗ ಕನ್ನಡದ ಬರಹಗಾರ ಒಬ್ಬನನ್ನು ‘ಈತ’, ಮತ್ತೊಬ್ಬನನ್ನು ‘ಆತ’ ಎಂದು ಬೇರ್ಪಡಿಸಬಲ್ಲ. ಇಂಗ್ಲಿಷಿನಲ್ಲಿ ಇಬ್ಬರೂ ‘ಹಿ’.

4. ಗೌರವವೇ ಗುರುತಾಗುವ ಬಗೆ

ಕನ್ನಡದ ಸ್ಪಷ್ಟತೆಯ ಒಂದು ದೊಡ್ಡ ಪಾಲು ಗೌರವಸೂಚಕ ರೂಪಗಳಿಂದ ಬರುತ್ತದೆ. ಹಿಂದಿನ ಗ್ರಾಮಾಡಳಿತಕ್ಕೆ ಸಂಬಂಧಿಸಿದ ಈ ವಾಕ್ಯಗಳನ್ನು ನೋಡಬಹುದು: ‘ಶಾನುಭೋಗರು ತಳವಾರನನ್ನು ಕರೆಸಿದರು. ಅವನು ಬಂದಾಗ ಅವರು ಲೆಕ್ಕ ಬರೆಯುತ್ತಿದ್ದರು.’ ಇಲ್ಲಿ ಯಾರು ಬಂದರು, ಯಾರು ಬರೆಯುತ್ತಿದ್ದರು ಎಂಬುದರಲ್ಲಿ ಯಾವ ಕನ್ನಡಿಗನಿಗೂ ಸಂದೇಹವಿಲ್ಲ. ಎರಡನೆಯ ವಾಕ್ಯದ ಇಂಗ್ಲಿಷ್ ರೂಪ ‘ವೆನ್ ಹಿ ಕೇಮ್, ಹಿ ವಾಸ್ ರೈಟಿಂಗ್ ಅಕೌಂಟ್ಸ್’ ಎಂದಾದರೆ ಇಬ್ಬರೂ ಒಬ್ಬನೇ ಆಗಿಬಿಡುತ್ತಾರೆ. ಇಲ್ಲಿ ವ್ಯಾಕರಣದೋಷವೇನೂ ಇಲ್ಲ, ಅರ್ಥ ಮಾತ್ರ ಹೋಗಿದೆ. ‘ವೆನ್ ದ ತಳವಾರ ಕೇಮ್, ದ ಶಾನುಭೋಗ ವಾಸ್ ರೈಟಿಂಗ್ ಅಕೌಂಟ್ಸ್’ ಎಂದು ಹೆಸರನ್ನು ಮರಳಿ ತರುವುದೊಂದೇ ದಾರಿ.

ಈ ಉದಾಹರಣೆಯ ಮಹತ್ವ ಅನುವಾದಕ್ಕೆ ಸೀಮಿತವಲ್ಲ. ಮೂಲ ವಾಕ್ಯ ಸ್ಪಷ್ಟವಾಗಿರುವುದು ಶಾನುಭೋಗ ಮತ್ತು ತಳವಾರರ ನಡುವಣ ಸಾಮಾಜಿಕ ಅಂತರದ ಬಲದಿಂದ. ಶ್ರೇಣೀಕರಣವೇ ಇಲ್ಲಿ ವ್ಯಾಕರಣದ ಕೆಲಸವನ್ನು ಮಾಡಿಕೊಡುತ್ತಿದೆ. 1961ರ ಗ್ರಾಮಾಧಿಕಾರ ರದ್ದತಿ ಅಧಿನಿಯಮವು ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕಿದರೂ ಅವುಗಳ ಸರ್ವನಾಮಗಳು ಬರಹದಲ್ಲಿ ಉಳಿದುಕೊಂಡಿವೆ. ಕ್ಷೇತ್ರಕಾರ್ಯದ ವರದಿಯಲ್ಲಿ ಹಾಡು ಹೇಳಿದ ಕೂಲಿಯ ಹೆಣ್ಣುಮಗಳು ‘ಅವಳು’ ಆಗಿ, ಹಾಡನ್ನು ಸಂಗ್ರಹಿಸಿದ ವಿದ್ವಾಂಸರು ‘ಅವರು’ ಆಗುವುದುಂಟು. ಇಬ್ಬರಿಗೂ ಗೌರವ ಬಹುವಚನವನ್ನು ನೀಡಿದ ಕೂಡಲೇ ಕನ್ನಡ ವಾಕ್ಯವೂ ಇಂಗ್ಲಿಷ್ ವಾಕ್ಯದಷ್ಟೇ ಸಂದಿಗ್ಧವಾಗುತ್ತದೆ. ಅದಕ್ಕೆ ಪರಿಹಾರವೂ ಒಂದೇ: ಹೆಸರನ್ನು ಮತ್ತೊಮ್ಮೆ ಹೇಳುವುದು. ಸಮಾನ ಗೌರವಕ್ಕೆ ತೆರಬೇಕಾದ ಬೆಲೆ ಒಂದು ಪದ ಹೆಚ್ಚು ಎಂದಾದರೆ ಅದು ದುಬಾರಿಯಲ್ಲ.

ಗೌರವದ ‘ಅವರು’ ಮತ್ತೊಂದು ದಿಕ್ಕಿನಿಂದಲೂ ತೊಡಕನ್ನು ತರುತ್ತದೆ. ‘ನಮ್ಮ ತಂದೆ ಬಂದರು, ಅವರು ಮುಳಬಾಗಿಲಿನಲ್ಲಿ ಶಿಕ್ಷಕರು’ ಎಂಬುದು ‘ಮೈ ಫಾದರ್ ಕೇಮ್, ದೇ ಆರ್ ಟೀಚರ್ಸ್’ ಎಂದಾಗುವುದು ಅಧ್ಯಾಪಕರಿಗೆ ಅಪರಿಚಿತವಲ್ಲ. ಇಲ್ಲಿ ವಿದ್ಯಾರ್ಥಿ ತಪ್ಪಿದ್ದು ವಚನದಲ್ಲಿ. ಆದರೆ ತಪ್ಪಿಸಿದ್ದು ಅವನ ಸೌಜನ್ಯ. ತಂದೆಯನ್ನು ‘ಹಿ’ ಎನ್ನಲು ಅವನ ಕೈ ಬರುವುದಿಲ್ಲ. ಇಂಗ್ಲಿಷಿನ ಮಧ್ಯಮ ಪುರುಷದಲ್ಲಿ ಇಂಥದೇ ಗೌರವ ಬಹುವಚನ ಒಮ್ಮೆ ರೂಢಿಯಲ್ಲಿದ್ದು, ‘ಯು’ ಎಂಬ ಬಹುವಚನವು ಕ್ರಮೇಣ ‘ಥೌ’ ಎಂಬ ಏಕವಚನವನ್ನು ಹೊರದೂಡಿತೆಂಬುದನ್ನೂ, ಅನ್ಯ ಪುರುಷದಲ್ಲಿ ಮಾತ್ರ ಅಂಥ ಗೌರವ ಬಹುವಚನ ನೆಲೆಗೊಳ್ಳಲಿಲ್ಲವೆಂಬುದನ್ನೂ ಹೇಳಿದರೆ ‘ಹಿ’ ಎಂಬುದರಲ್ಲಿ ಅಗೌರವವಿಲ್ಲವೆಂದು ಅವನಿಗೆ ಮನವರಿಕೆಯಾಗುತ್ತದೆ.

ಏಕವಚನದ ‘ದೇ’ ಇಂದು ಇಂಗ್ಲಿಷಿನಲ್ಲಿ ಒಪ್ಪಿತವಾಗಿದೆಯಲ್ಲ ಎಂಬ ಪ್ರಶ್ನೆ ಏಳಬಹುದು. 2019ರಲ್ಲಿ ಹೊರಬಂದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಶೈಲಿ ಕೈಪಿಡಿಯ ಏಳನೆಯ ಆವೃತ್ತಿ ಅದನ್ನು ಅನುಮೋದಿಸಿದೆ. ಆದರೆ ಅದರ ವ್ಯಾಪ್ತಿ ಬೇರೆ. ಲಿಂಗ ತಿಳಿಯದ ಅಥವಾ ಅಪ್ರಸ್ತುತವಾದ ವ್ಯಕ್ತಿಗೆ ಮತ್ತು ತನ್ನನ್ನು ಹಾಗೆ ಕರೆಯಬೇಕೆಂದು ಬಯಸುವ ವ್ಯಕ್ತಿಗೆ ಅದು ಸಲ್ಲುತ್ತದೆ. ಹಿರಿತನವನ್ನು ಅದು ಸೂಚಿಸುವುದಿಲ್ಲ. ‘ಪ್ರತಿಯೊಬ್ಬ ಸಂಶೋಧಕರೂ ತಮ್ಮ ಪ್ರಬಂಧವನ್ನು’ ಎಂಬಲ್ಲಿ ‘ದೇರ್’ ಸರಿ. ಮಾಸ್ತಿಯವರನ್ನು ಕುರಿತು ಬರೆಯುವಾಗ ‘ದೇ’ ಸರಿಯಲ್ಲ. ಕನ್ನಡ ಆಕರದಲ್ಲಿ ‘ಅವರು’ ಎಂದಷ್ಟೇ ಇದ್ದು ವ್ಯಕ್ತಿ ಗಂಡೋ ಹೆಣ್ಣೋ ತಿಳಿಯದಿದ್ದಾಗ, ಊಹಿಸಿ ‘ಹಿ’ ಎಂದು ಬರೆಯದೆ ಆಕರಗಳನ್ನು ಪರಿಶೀಲಿಸುವುದು ಸಂಶೋಧಕರ ಕರ್ತವ್ಯ. ಇಲ್ಲವಾದರೆ ಕವಯಿತ್ರಿಯೊಬ್ಬರು ಒಂದು ಪದದ ಅಜಾಗರೂಕತೆಯಿಂದ ಇಂಗ್ಲಿಷ್ ಓದುಗರ ಪಾಲಿಗೆ ಕವಿಯಾಗಿ ಉಳಿದುಬಿಡುತ್ತಾರೆ.

5. ‘ತನ್ನ’ ಮತ್ತು ‘ಆತನ’

ಬರಹದ ಕನ್ನಡದ ಮತ್ತೊಂದು ಬಲ ‘ತಾನು’. ವೀರಗಲ್ಲಿನ ಸಂದರ್ಭವನ್ನು ಕಲ್ಪಿಸಿಕೊಂಡು ಎರಡು ವಾಕ್ಯಗಳನ್ನು ರಚಿಸಬಹುದು. ತುರುಗಾಳಗದಲ್ಲಿ ವೀರನೊಬ್ಬ ಮಡಿದಿದ್ದಾನೆ. ‘ಒಡೆಯನು ತನ್ನ ಮಗನಿಗೆ ಭೂಮಿಯನ್ನು ಕೊಟ್ಟನು’ ಎಂದರೆ ಭೂಮಿ ಒಡೆಯನ ಮಗನಿಗೆ ಸೇರಿತು. ‘ಒಡೆಯನು ಆತನ ಮಗನಿಗೆ ಭೂಮಿಯನ್ನು ಕೊಟ್ಟನು’ ಎಂದರೆ ಮಡಿದ ವೀರನ ಮಗನಿಗೆ ಸೇರಿತು. ಇಂಗ್ಲಿಷಿನಲ್ಲಿ ಎರಡೂ ‘ಹಿಸ್ ಸನ್’. ಒಂದು ಪದದ ಅಂತರದಲ್ಲಿ ದತ್ತಿಯ ವಾರಸುದಾರನೇ ಬದಲಾಗಿಬಿಡುತ್ತಾನೆ. ಶಾಸನಗಳ ಇಂಗ್ಲಿಷ್ ಅನುವಾದವನ್ನೇ ಆಧಾರವಾಗಿಟ್ಟುಕೊಂಡು ವಂಶಾವಳಿ, ಭೂಹಿಡುವಳಿಗಳನ್ನು ಚರ್ಚಿಸುವವರು ಇಂಥ ‘ಹಿಸ್’ ಎದುರಾದಾಗಲೆಲ್ಲ ಮೂಲಪಾಠಕ್ಕೆ ಹೋಗಬೇಕಾದದ್ದು ಈ ಕಾರಣದಿಂದ. ಹೊಸದಾಗಿ ಅನುವಾದ ಮಾಡುವವರು ‘ದ ಹೀರೋಸ್ ಸನ್’ ಎಂದು ಬಿಡಿಸಿ ಬರೆಯುವುದು ಲೇಸು.

ಇದು ಹಳೆಯ ಕಲ್ಲುಗಳ ಸಮಸ್ಯೆಯಷ್ಟೇ ಅಲ್ಲ. ವಿಭಾಗಪತ್ರ, ಉಯಿಲುಗಳಲ್ಲಿಯೂ ‘ತನ್ನ ಪಾಲು’, ‘ಆತನ ಪಾಲು’ ಎಂಬ ಭೇದವಿರುತ್ತದೆ. ಇಬ್ಬರು ಅಣ್ಣತಮ್ಮಂದಿರ ಪ್ರಸ್ತಾಪವಿರುವ ಪತ್ರ ಇಂಗ್ಲಿಷಿಗೆ ಬಂದಾಗ ‘ಹಿಸ್ ಶೇರ್’ ಎಂಬ ಮಾತು ಯಾರ ಪಾಲೆಂಬ ಪ್ರಶ್ನೆಯನ್ನು ಎಬ್ಬಿಸಿಯೇ ತೀರುತ್ತದೆ.

6. ‘ಎಂದು’ ಮತ್ತು ಬೇರೊಬ್ಬರ ‘ನಾನು’

ಪರಿಣಾಮದ ದೃಷ್ಟಿಯಿಂದ ಅತ್ಯಂತ ಗಂಭೀರವಾದದ್ದು ವರದಿಯ ಮಾತಿನಲ್ಲಿ ಬರುವ ‘ನಾನು’. ‘ನಾನು ಜಮೀನನ್ನು ಮಾರಿಲ್ಲ ಎಂದು ಅವನು ಹೇಳಿದನು’ ಎಂಬ ವಾಕ್ಯದಲ್ಲಿ ‘ನಾನು’ ಎಂದರೆ ಹೇಳಿದ ವ್ಯಕ್ತಿ. ‘ಎಂದು’ ಎಂಬ ಪದವು ಉದ್ಧರಣ ಚಿಹ್ನೆಯ ಕೆಲಸವನ್ನು ಮಾಡುವುದರಿಂದ ಬರೆಯುವವನಿಗೂ ಆ ‘ನಾನು’ವಿಗೂ ಸಂಬಂಧವಿಲ್ಲ. ಇದನ್ನು ‘ಹಿ ಟೋಲ್ಡ್ ದಟ್ ಐ ಹ್ಯಾವ್ ನಾಟ್ ಸೋಲ್ಡ್ ದ ಲ್ಯಾಂಡ್’ ಎಂದು ಬರೆದರೆ ‘ಐ’ ಬರೆಯುವವನಿಗೆ ಅಂಟಿಕೊಳ್ಳುತ್ತದೆ. ಜಮೀನನ್ನು ಮಾರದವನು ಯಾರೆಂಬುದೇ ಅದಲುಬದಲಾಗುತ್ತದೆ. ‘ಎಂದು’ ಎಂಬುದಕ್ಕೆ ‘ದಟ್’ ಸಮಾನವೆಂದು ಶಾಲೆಯಲ್ಲಿ ಕಲಿತ ಸೂತ್ರವೇ ಇದಕ್ಕೆ ಕಾರಣ. ‘ಎಂದು’ ನೇರ ಮಾತನ್ನೂ ಪರೋಕ್ಷ ಮಾತನ್ನೂ ಒಳಗೊಳ್ಳಬಲ್ಲದು. ‘ದಟ್’ಗೆ ಪರೋಕ್ಷ ಮಾತು ಮಾತ್ರ ಸಲ್ಲುತ್ತದೆ.

ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ, ಸಂಸತ್ತು ಬೇರೆ ರೀತಿಯಲ್ಲಿ ವಿಧಿಸುವವರೆಗೆ ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ತಾಲ್ಲೂಕು ಮಟ್ಟದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷಿಯ ಹೇಳಿಕೆ ಮೇಲ್ಮನವಿಯ ಹಂತದಲ್ಲಿ ಇಂಗ್ಲಿಷಿಗೆ ಬರಬೇಕಾಗುತ್ತದೆ. ಅಂಥ ಹೇಳಿಕೆಯಲ್ಲಿ ‘ನಾನು’, ‘ತಾನು’, ‘ಅವನು’ಗಳನ್ನು ಬೇರ್ಪಡಿಸದೆ ಬರೆದರೆ ಯಾರು ಏನೆಂದರು ಎಂಬುದೇ ಕದಡಿಹೋಗುತ್ತದೆ. ಜಾನಪದ ಸಂಶೋಧನೆಯಲ್ಲಿಯೂ ಅಷ್ಟೇ: ವಕ್ತೃವಿನ ‘ನಾನು’ ಸಂಶೋಧಕನ ‘ಐ’ ಆಗಿಬಿಟ್ಟರೆ ಅನುಭವದ ಒಡೆತನವೇ ಕೈಬದಲಾಗುತ್ತದೆ. ನೇರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು, ಇಲ್ಲವೇ ‘ಹಿ ಸೆಡ್ ದಟ್ ಹಿ ಹ್ಯಾಡ್ ನಾಟ್ ಸೋಲ್ಡ್ ದ ಲ್ಯಾಂಡ್’ ಎಂದು ಬದಲಿಸುವುದು ಇದಕ್ಕಿರುವ ಎರಡು ಮಾರ್ಗಗಳು. ಪ್ರಕರಣದಲ್ಲಿ ಇಬ್ಬರು ಗಂಡಸರಿದ್ದರೆ ಎರಡನೆಯ ‘ಹಿ’ಯ ಸ್ಥಾನದಲ್ಲಿ ಹೆಸರನ್ನೇ ಬಳಸಬೇಕು.

7. ಲೋಪ ಮತ್ತು ‘ಇದು’

ಕರ್ತೃಪದವನ್ನು ಬಿಟ್ಟು ಬರೆಯುವುದು ಕನ್ನಡದ ಸಹಜ ಗುಣ. ಶ್ರೀನಿವಾಸಪುರದ ಮಾವಿನ ತೋಟದ ವ್ಯವಹಾರವೊಂದನ್ನು ಊಹಿಸಿಕೊಳ್ಳಬಹುದು: ‘ವ್ಯಾಪಾರಿ ತೋಟದ ಒಡತಿಯ ಬಳಿಗೆ ಬಂದು, ಕಾಯಿ ನೋಡಿ, ಬೆಲೆ ಹೇಳಿದನು. ಒಪ್ಪಿದಳು.’ ಇಲ್ಲಿ ‘ಅವಳು’ ಬೇಕಾಗಿಲ್ಲ. ‘-ಅಳು’ ಪ್ರತ್ಯಯವೇ ಸಾಕು. ಆದರೆ ‘ಒಪ್ಪಲಿಲ್ಲ’ ಎಂದರೆ ಆ ಗುರುತು ಅಳಿಸಿಹೋಗುತ್ತದೆ. ‘-ಇಲ್ಲ’ ಸೇರಿದ ನಿಷೇಧರೂಪಕ್ಕೆ ಲಿಂಗ, ವಚನ, ಪುರುಷಗಳ ಭೇದವಿಲ್ಲದಿರುವುದರಿಂದ ಕನ್ನಡದಲ್ಲಿಯೂ ಸಂದರ್ಭವೊಂದೇ ಆಧಾರ. ಇಂಗ್ಲಿಷ್ ಮಾತ್ರ ‘ಶಿ’ ಎಂದೋ ‘ಹಿ’ ಎಂದೋ ಹೇಳಿಸದೆ ಬಿಡುವುದಿಲ್ಲ. ಇಂಥೆಡೆ ಇಂಗ್ಲಿಷಿನ ಒತ್ತಾಯವು ಕನ್ನಡ ಬರಹಗಾರನು ತನ್ನ ವಾಕ್ಯವನ್ನೇ ತಿರುಗಿ ನೋಡುವಂತೆ ಮಾಡುತ್ತದೆ.

ಸಂಶೋಧನಾ ಬರಹದಲ್ಲಿ ಹೆಚ್ಚು ಕಾಣುವ ಸಂದಿಗ್ಧತೆ ‘ಇದು’ ಎಂಬುದರದು. ‘ಮಾಲೂರಿನ ಬಳಿ ಹೆಂಚಿನ ಕಾರ್ಖಾನೆಯೊಂದು ಮುಚ್ಚಿತು, ಕೆಲಸಗಾರರು ಬೆಂಗಳೂರಿಗೆ ಹೋಗತೊಡಗಿದರು. ಇದು ಊರಿನ ಭಜನೆಯ ಮೇಲೆ ಪರಿಣಾಮ ಬೀರಿತು’ ಎಂದಾಗ ‘ಇದು’ ಕಾರ್ಖಾನೆ ಮುಚ್ಚಿದ್ದೋ, ವಲಸೆಯೋ, ಎರಡೂ ಸೇರಿದ್ದೋ? ಇಂಗ್ಲಿಷಿನ ಒಂಟಿ ‘ದಿಸ್’ ಈ ಸಂದೇಹವನ್ನು ಹಾಗೆಯೇ ಒಯ್ಯುತ್ತದೆ. ‘ದಿಸ್ ಮೈಗ್ರೇಷನ್’ ಎಂದು ನಾಮಪದವನ್ನು ಜೊತೆಗೂಡಿಸಿದರೆ ವಾದ ಖಚಿತವಾಗುತ್ತದೆ. ಕನ್ನಡದಲ್ಲಿಯೂ ‘ಈ ವಲಸೆಯು’ ಎಂದು ಬರೆಯಲು ಅಡ್ಡಿಯೇನಿಲ್ಲ. ಹಾಗೆ ಬರೆಯಲು ಹೊರಟಾಗ ಸೂಕ್ತ ನಾಮಪದ ಹೊಳೆಯದಿದ್ದರೆ ದೋಷ ಸರ್ವನಾಮದಲ್ಲಿಲ್ಲ, ಆಲೋಚನೆಯಲ್ಲಿದೆ ಎಂದು ತಿಳಿಯಬೇಕು.

8. ತರಗತಿಗೆ ಒಂದು ಕ್ರಮ

ಮೇಲಿನ ವಿವೇಚನೆಯನ್ನು ಸ್ನಾತಕೋತ್ತರ ತರಗತಿಯಲ್ಲಿ ನಾಲ್ಕು ಹೆಜ್ಜೆಗಳಲ್ಲಿ ಬಳಸಬಹುದು. ಮೊದಲನೆಯದಾಗಿ, ವಿದ್ಯಾರ್ಥಿ ತನ್ನದೇ ಕನ್ನಡ ಗದ್ಯದ ಹತ್ತು ವಾಕ್ಯಗಳನ್ನು ಆರಿಸಿಕೊಂಡು ಪ್ರತಿಯೊಂದು ಸರ್ವನಾಮಕ್ಕೂ, ಲೋಪವಾದ ಪ್ರತಿಯೊಂದು ಕರ್ತೃಪದಕ್ಕೂ ಮೂಲನಾಮವನ್ನು ಅಂಚಿನಲ್ಲಿ ಬರೆಯಬೇಕು. ಎರಡನೆಯದಾಗಿ, ಆ ಮೂಲನಾಮ ತನಗೆ ತಿಳಿದದ್ದು ಯಾವುದರಿಂದ, ಅಂದರೆ ಲಿಂಗದಿಂದಲೋ ಗೌರವರೂಪದಿಂದಲೋ ‘ತಾನು’ವಿನಿಂದಲೋ ಆಖ್ಯಾತ ಪ್ರತ್ಯಯದಿಂದಲೋ ಎಂದು ಗುರುತಿಸಬೇಕು. ಮೂರನೆಯದಾಗಿ, ಅವುಗಳಲ್ಲಿ ಇಂಗ್ಲಿಷಿನಲ್ಲಿ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂದು ವಿಂಗಡಿಸಬೇಕು. ‘ಹಿ’, ‘ಶಿ’, ‘ಇಟ್’ಗಳ ಲಿಂಗಭೇದ ಉಳಿಯುತ್ತದೆ, ಉಳಿದವು ಬಹುಪಾಲು ಅಳಿಯುತ್ತವೆ. ನಾಲ್ಕನೆಯದಾಗಿ, ಅಳಿದ ಕಡೆಯಲ್ಲೆಲ್ಲ ಹೆಸರನ್ನೋ ನಾಮಪದವನ್ನೋ ಇಟ್ಟು ಇಂಗ್ಲಿಷ್ ವಾಕ್ಯವನ್ನು ರಚಿಸಬೇಕು.

ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಶೈಲಿ ಕೆಡುತ್ತದೆಂಬ ಅಳುಕು ಕನ್ನಡ ಬರಹಗಾರರಲ್ಲಿದೆ. ಪುನರುಕ್ತಿಯನ್ನು ದೋಷವೆಂದು ಎಣಿಸುವ ಅಲಂಕಾರಶಾಸ್ತ್ರದ ಸಂಸ್ಕಾರ ಅದರ ಹಿಂದಿದೆ. ಕಾವ್ಯಕ್ಕೆ ಆ ಎಚ್ಚರ ಸಲ್ಲುತ್ತದೆ. ಆದರೆ ಶಾಸ್ತ್ರಗದ್ಯದಲ್ಲಿ ಒಂದೇ ವ್ಯಕ್ತಿಯನ್ನು ಮೊದಲು ‘ಕವಿ’, ಬಳಿಕ ‘ಲೇಖಕ’, ಆಮೇಲೆ ‘ಮಹನೀಯ’ ಎಂದು ಬದಲಿಸುತ್ತ ಹೋದರೆ ಮೂವರು ವ್ಯಕ್ತಿಗಳೆಂಬ ಭ್ರಮೆ ಹುಟ್ಟುತ್ತದೆ. ಹ್ಯಾಲಿಡೇ ಮತ್ತು ಹಸನ್ ಅವರ 1976ರ ‘ಕೊಹಿಶನ್ ಇನ್ ಇಂಗ್ಲಿಷ್’ ಗ್ರಂಥವು ಸರ್ವನಾಮ ನಿರ್ದೇಶನದೊಡನೆ ಪದದ ಪುನರಾವರ್ತನೆಯನ್ನೂ ಪಠ್ಯವನ್ನು ಹೆಣೆಯುವ ಒಂದು ಸಾಧನವೆಂದೇ ಪರಿಗಣಿಸಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

9. ಸಮಾರೋಪ

ಒಟ್ಟಿನಲ್ಲಿ, ಸರ್ವನಾಮದ ಸ್ಪಷ್ಟತೆ ಎಂಬುದು ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಅಧ್ಯಾಯವಷ್ಟೇ ಅಲ್ಲ. ಕನ್ನಡದಲ್ಲಿ ‘ಯಾರು’ ಎಂಬುದು ಪ್ರತ್ಯಯದಲ್ಲಿದೆ, ‘ತನ್ನ’ದಲ್ಲಿದೆ, ‘ಎಂದು’ವಿನಲ್ಲಿದೆ, ಹಲವು ವೇಳೆ ಸಾಮಾಜಿಕ ಏಣಿಯ ಮೆಟ್ಟಿಲುಗಳಲ್ಲಿಯೂ ಇದೆ. ಇಂಗ್ಲಿಷಿಗೆ ಇವು ದಾಟವು. ದಾಟದಿರುವುದನ್ನು ಹೆಸರಿನಿಂದ ತುಂಬಿಕೊಡುವುದು ಬರೆಯುವವರ ಹೊಣೆ. ಅನೇಕ ಭಾಷೆಗಳ ನಡುವೆ ಬೆಳೆಯುವ ಕೋಲಾರ ಸೀಮೆಯ ವಿದ್ಯಾರ್ಥಿಗೆ ಈ ಹೋಲಿಕೆ ಕಷ್ಟವಾಗಲಾರದು. ಮನೆಯ ತೆಲುಗಿಗೂ ಶಾಲೆಯ ಕನ್ನಡಕ್ಕೂ ನಡುವಣ ಭೇದವನ್ನು ಅವನು ದಿನವೂ ದಾಟುತ್ತಿರುತ್ತಾನೆ. ಅರಿಯದೆ ಮಾಡುತ್ತಿರುವುದನ್ನು ಅರಿತು ಮಾಡುವಂತೆ ಕಲಿಸುವುದು ಕನ್ನಡ ವ್ಯಾಕರಣ ಬೋಧನೆಯ ಕೆಲಸ. ಶಾಸನದ ವೀರನ ಮಗ, ಜಮೀನಿನ ಸಾಕ್ಷಿ, ಹಾಡು ಹೇಳಿದ ಹೆಣ್ಣುಮಗಳು ಇವರೆಲ್ಲ ಇಂಗ್ಲಿಷ್ ಪುಟದಲ್ಲಿ ತಾವಾಗಿಯೇ ಉಳಿಯುವುದು ಆ ಬೋಧನೆಯನ್ನು ಅವಲಂಬಿಸಿದೆ.